ಕಲ್ಲು ಕೈಕೊಡಲಿಲ್ಲ

ಮೂವತ್ತೈದು ವರ್ಷ ರೈತ ಚಳವಳಿಯಲ್ಲಿ ಹಸಿರು ಟವೆಲ್ ಹೊದ್ದವನು ನಾನು. ಕನಕಪುರದಲ್ಲಿ ಲಾಠಿ ತಿಂದಿದ್ದೇನೆ. ಮಾಗಡಿಯಲ್ಲಿ ಹನ್ನೊಂದು ದಿನ ರಸ್ತೆಯ ಮೇಲೆ ಮಲಗಿದ್ದೇನೆ (ಅದರಲ್ಲಿ ನಾಲ್ಕು ದಿನ ನಿಜವಾಗಿಯೂ ನಿದ್ದೆ ಬಂದಿತ್ತು). ಜೈಲಿನೊಳಗೆ ಮುದ್ದೆಯಲ್ಲಿ ಗಂಟಿದೆ ಎಂದು ಅಲ್ಲಿಯೂ ಧಿಕ್ಕಾರ ಕೂಗಿದ್ದೇನೆ. ಇಂಥ ಬಸವಯ್ಯನನ್ನು ಕಡೆಗೆ ಮಣ್ಣುಮುಕ್ಕಿಸಿದ್ದು ಸರ್ಕಾರವಲ್ಲ, ಪೊಲೀಸರಲ್ಲ, ಬೆರಳುದ್ದದ ಒಂದು ಲೈಟರು. ಅದು ಕೆಟ್ಟು ನಿಂತು ಸೋಲಿಸಿದ್ದರೆ ನನಗೆ ದುಃಖವಿರಲಿಲ್ಲ. ಚೆನ್ನಾಗಿ ಹೊತ್ತಿಕೊಂಡು ಸೋಲಿಸಿತು.

ಮೊದಲಿಂದ ಹೇಳುತ್ತೇನೆ. ನನ್ನ ಹೆಂಡತಿ ದಾಸಮ್ಮ ರೇಷ್ಮೆ ಹುಳು ಸಾಕುತ್ತಾಳೆ. ಅಕ್ಕೂರಿನ ಕಡೆ ಯಾರ ಮನೆಯ ಹಿಂದೆ ನೋಡಿದರೂ ಒಂದು ಹುಳುಮನೆ ಇರುತ್ತದೆ. ನಮ್ಮದರ ವಿಶೇಷವೇನೆಂದರೆ, ಹುಳುಮನೆಯ ಹಿಂದೆ ಒಂದು ಸಣ್ಣ ಮನೆ ಇದೆ, ಅದರಲ್ಲಿ ನಾನಿದ್ದೇನೆ. ಹುಳುಗಳಿಗೆ ಸಿಮೆಂಟಿನ ನೆಲ, ಫ್ಯಾನು, ಕಿಟಕಿಗೆ ಸೊಳ್ಳೆಪರದೆ. ನನಗೆ ಒಂದು ಚಾಪೆ, ಅದರಲ್ಲೂ ಅರ್ಧ ಬೆಕ್ಕಿನದು.

ಹುಳುಮನೆಗೆ ಒಂದು ಕಾನೂನಿದೆ. ಬೀಡಿ ಸೇದುವವನು ಅದರ ಹೊಸ್ತಿಲು ತುಳಿಯುವ ಹಾಗಿಲ್ಲ, ಹುಳು ತಿನ್ನುವ ಹಿಪ್ಪುನೇರಳೆ ಸೊಪ್ಪು ಮುಟ್ಟುವ ಹಾಗಿಲ್ಲ. ಹೊಗೆಸೊಪ್ಪಿನ ಕೈ ತಾಕಿದ ಎಲೆ ತಿಂದರೆ ಹುಳು ಹಸಿರಾಗಿ ಕಕ್ಕಿಕೊಂಡು, ತಲೆ ಎತ್ತಿ ಅಲ್ಲಾಡಿಸಿ ಅಲ್ಲಾಡಿಸಿ ಪ್ರಾಣ ಬಿಡುತ್ತದೆ. ದೇಶದ ಸಂವಿಧಾನದಲ್ಲಿ ರೈತನಿಗೆ ಸಿಕ್ಕಿದ ರಕ್ಷಣೆಗಳು ಎಷ್ಟೋ ನನಗೆ ಗೊತ್ತಿಲ್ಲ, ಆದರೆ ಹುಳುಮನೆಯ ಈ ಒಂದು ಕಲಮಿನ ಬಲದಿಂದ ನಾನು ಇಪ್ಪತ್ತೆಂಟು ವರ್ಷ ಒಂದು ಎಲೆ ಎತ್ತಿ ಇಡದೆ ಬದುಕಿದೆ. ಬೀಡಿ ಸೇದಿದೆ, ಸುಖವಾಗಿದ್ದೆ.

ಎರಡು ವರ್ಷದ ಹಿಂದೆ ಚನ್ನಪಟ್ಟಣದ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ಕೇಳಿ, "ಒಳಗೆ ಯಾರೋ ಹಳೇ ಲಾರಿ ಸ್ಟಾರ್ಟ್ ಮಾಡ್ತಿದ್ದಾರಲ್ಲ ಯಜಮಾನ್ರೇ" ಎಂದರು. ಹೆದರಿ ಅವತ್ತೇ ಬೀಡಿ ಬಿಟ್ಟೆ. ಮನೆಯಲ್ಲಿ ಪಾಯಸ ಮಾಡಿದರು. ಮರುದಿನ ಬೆಳಗಿನ ಐದಕ್ಕೆ ಕಣ್ಣು ಬಿಟ್ಟರೆ ತಲೆಯ ಹತ್ತಿರ ದಾಸಮ್ಮ ಕುಡುಗೋಲು ಹಿಡಿದು ನಿಂತಿದ್ದಾಳೆ.

"ಏಳು. ಬೀಡಿ ಬುಟ್ಟಿದ್ದೀಯಲ್ಲ, ಕೈ ಸುದ್ದಾಗೈತೆ. ಸೊಪ್ಪು ಕುಯ್ಕೊಂಡ್ ಬಾ."

ಮೊಟ್ಟೆಯಿಂದ ಗೂಡಿನವರೆಗೆ ಆ ಒಂದು ಬೆಳೆ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳುವಿನ ಹಸಿವು ನೀವು ನೋಡಿಲ್ಲ. (ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಜ್ವರ ಹುಳುವಿಗೆ, ನರಳುವುದು ನಾನು.) ನಮ್ಮ ಸಂಘದ ರಾಜ್ಯ ಸಮಾವೇಶದ ಊಟದ ಪಂಕ್ತಿಯನ್ನೇ ನಾನು ಸಂಭಾಳಿಸಿದವನು, ಅಲ್ಲಿಯೂ ಜನ ಎಲೆಯನ್ನು ಬಿಟ್ಟು ತಿಂದರು. ಇವು ಎಲೆಯನ್ನೇ ತಿನ್ನುತ್ತವೆ. ಹಾಕಿ ತಿರುಗಿ ನೋಡುವಷ್ಟರಲ್ಲಿ ಕಡ್ಡಿ ಉಳಿದಿರುತ್ತದೆ. ಗೂಡು ಬಿಡಿಸುವ ಹೊತ್ತಿಗೆ ನನ್ನ ಸೊಂಟ ಹುಳುವಿನ ಹಾಗೇ ಬಾಗಿತ್ತು.

ಆಗ ನನ್ನೊಳಗಿನ ಹೋರಾಟಗಾರ ಎದ್ದ. ಬೀಡಿ ಸೇದಿದರೆ ಎದೆ ಹೋಗುತ್ತದೆ, ಸೇದದಿದ್ದರೆ ಸೊಂಟ ಹೋಗುತ್ತದೆ. ಎರಡಕ್ಕೂ ನಡುವೆ ಒಂದು ದಾರಿ ಕಂಡುಹಿಡಿದೆ. ಸೇದುವುದು ಬೇಡ, ಸೇದುತ್ತಿದ್ದೇನೆ ಎಂದು ಗೊತ್ತಾದರೆ ಸಾಕು! ದಿನಕ್ಕೆ ಮೂರು ಸಲ ಕೊಟ್ಟಿಗೆಯ ಹಿಂದೆ ಹೋಗಿ, ಬೀಡಿಯನ್ನು ಲೈಟರಿನ ಉರಿಗೆ ಹಿಡಿದು, ಕೆಂಡವಾದ ಮೇಲೆ ಊದುಬತ್ತಿ ಸಿಕ್ಕಿಸಿದ ಹಾಗೆ ಗೋಡೆಯ ಸಂದಿಗೆ ಸಿಕ್ಕಿಸಿ ಕೂರುತ್ತಿದ್ದೆ. ಹೊಗೆಯೆಲ್ಲ ಎಮ್ಮೆಯ ಮೂಗಿಗೆ. ಮೊದಮೊದಲು ಸೀನುತ್ತಿತ್ತು, ಆಮೇಲಾಮೇಲೆ ನಾನು ಬರುವುದು ಒಸಿ ತಡವಾದರೆ ಕೂಗಿ ಕರೆಯತೊಡಗಿತು. ದಾಸಮ್ಮ "ಈ ಮುಂಡೇಮಗಂದು ಬೀಡಿ ಮತ್ತೆ ಅಂಟ್ಕೊತು" ಎಂದು ಬೈದು ಕುಡುಗೋಲು ತಾನೇ ಹಿಡಿದಳು. ಈ ಗುಟ್ಟು ನನಗೂ ಎಮ್ಮೆಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಈಗ ನಿಮಗೆ.

ಈ ಮಹಾ ನಾಟಕದ ಸೂತ್ರಧಾರ ನನ್ನ ಲೈಟರು. ಪೆಟ್ರೋಲು ಹಾಕುವ ಹಳೆಯ ಕಾಲದ ಲೋಹದ ಲೈಟರು ಅದು. ಮುಚ್ಚಳ ತೆಗೆದರೆ ಟಣ್, ಗಾಲಿ ತಿರುವಿದರೆ ಕಲ್ಲು ಉಜ್ಜಿ ಚರ್ರ್, ಮುಚ್ಚಿದರೆ ಟಪ್. ಟಣ್, ಚರ್ರ್, ಟಪ್. ಈ ಮೂರು ಸ್ವರ ಕೊಟ್ಟಿಗೆಯ ಹಿಂದಿನಿಂದ ಹುಳುಮನೆಯ ಕಿಟಕಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಕೇಳಿದ ಕೂಡಲೇ ದಾಸಮ್ಮ ಒಳಗಿಂದ "ಹಚ್ಚಪ್ಪ ಹಚ್ಚು, ನಿನ್ನೆದೇಗೆ ಬೆಂಕಿ ಹಚ್ಚು" ಎಂದು ಹರಸುತ್ತಿದ್ದಳು. ಸಾಕ್ಷಿ ಸಿಕ್ಕಿತು ಎಂದು ನಾನು ನೆಮ್ಮದಿಯಾಗಿ ಕಾಲು ಚಾಚುತ್ತಿದ್ದೆ.

ಈ ನೆಮ್ಮದಿಗೆ ಕಲ್ಲು ಹಾಕಿದವನು ಅಳಿಯ ಬೀರೇಶ್. ಬಿಡದಿಯಲ್ಲಿ ಫ್ಯಾಕ್ಟರಿ ಕೆಲಸ, ನಮ್ಮ ಅನುವಿನ ಗಂಡ, ಒಳ್ಳೆಯ ಹುಡುಗ, ಅದೇ ಅವನ ದೋಷ. ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟಕ್ಕೆ ಬಂದಾಗ ನನಗೊಂದು ಹೊಸ ಲೈಟರು ತಂದುಕೊಟ್ಟ. ಗಾಲಿ ಇಲ್ಲ, ಕಲ್ಲಿಲ್ಲ. ಮೇಲೊಂದು ಗುಂಡಿ. ಒತ್ತಿದರೆ ಒಳಗೆಲ್ಲೋ ಕರೆಂಟಿನ ಕಿಡಿ ಹುಟ್ಟಿ ಗ್ಯಾಸು ಹೊತ್ತಿಕೊಳ್ಳುತ್ತದಂತೆ. ಸದ್ದು ನೋಡಿದರೆ ಹಲ್ಲಿ ಲೊಚಗುಟ್ಟಿದಷ್ಟು. ಸೋದರಮಾವನ ಮದುವೆಗೆ ಶಹನಾಯಿ ಬದಲು ಸೊಳ್ಳೆ ತಂದ ಹಾಗಾಯಿತು. ಪೆಟ್ಟಿಗೆಯೊಳಗೆ ಇಟ್ಟು ಮರೆತೆ.

ದಾಸಮ್ಮ ಮರೆಯಲಿಲ್ಲ. ಆಷಾಢದ ಬೆಳೆ, ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಒಂದು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದವಳು ನನ್ನ ಅಂಗಿಯನ್ನು ಸತ್ತ ಹೆಗ್ಗಣದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಬಂದಳು.

"ಅನೂ ಅಪ್ಪಾ, ಒಸಿ ಇದ್ನ ಮೂಸು."

"ಯಾಕಮ್ಮಿ? ನನ್ ಅಂಗೀನೇ ತಾನೆ."

"ಅದ್ಕೇ ಮೂಸು ಅಂದಿದ್ದು. ಪೆಟ್ರೋಲ್ ಬಂಕ್‌ನ ಮದ್ವೆ ಆದಂಗಾಗೈತೆ ನನ್ ಬಾಳು. ಈ ವಾಸ್ನೆ ಗಾಳೀಲಿ ಬಂದು ಹುಳ ಮೇವು ಬುಟ್ರೆ ಏನ್ ಮಾಡ್ಲಿ? ಬೀಡಿ ಸೇದ್ತೀಯ, ಸೇದು, ಸಾಯಿ. ಆದ್ರೆ ಇವತ್ತಿಂದ ಅಳಿಯ ಕೊಟ್ಟ ಕರೆಂಟ್ ಲೈಟ್ರಲ್ಲಿ ಹಚ್ಕೊಂಡ್ ಸಾಯಿ. ಈ ಪೆಟ್ರೋಲ್ ಡಬ್ಬ ಗುಜ್ರಿಗೆ."

ಸದ್ದು ಹೋದರೆ ಸಾಕ್ಷಿ ಹೋಯಿತು. ಸಾಕ್ಷಿ ಹೋದರೆ ಒಂದಲ್ಲ ಒಂದು ದಿನ ಅನುಮಾನ ಬರುತ್ತದೆ. ಅನುಮಾನ ಬಂದರೆ ಮತ್ತೆ ಕುಡುಗೋಲು, ಬೆಳಗಿನ ಐದು ಗಂಟೆ, ಸಾವಿರಾರು ಬಾಯಿ. ಆದರೆ ಇದನ್ನೆಲ್ಲ ಹೇಳುವಂತಿಲ್ಲವಲ್ಲ! ಹಾಗಾಗಿ ವಿಷಯವನ್ನು ಸಿದ್ಧಾಂತದ ಮಟ್ಟಕ್ಕೆ ಎತ್ತಿದೆ. ಚಳವಳಿಯಲ್ಲಿ ನಾವು ಯಾವಾಗಲೂ ಮಾಡುವುದು ಅದೇ.

"ಕರೆಂಟ್ ನಂಬ್ತೀಯೇನಮ್ಮಿ ನೀನು? ಹಗಲೊತ್ತು ಮೂರು ಫೇಸ್ ಕೊಡಿ ಅಂತ ನಾನು ಎಷ್ಟು ಧರಣಿ ಕೂತಿದ್ದೀನಿ, ಗೊತ್ತೈತಾ?"

"ಆ ಕರೆಂಟೇ ಬ್ಯಾರೆ, ಈ ಕರೆಂಟೇ ಬ್ಯಾರೆ."

"ಯಾವ ಕರೆಂಟಾದ್ರೂ ಬುದ್ಧಿ ಒಂದೇ. ಬೇಕಾದಾಗ ಬರಲ್ಲ. ಕಲ್ಲು ಅಂಗಲ್ಲ. ನಮ್ ತಾತ ಕುರಿ ಹಿಂದೆ ಹೋಗೋವಾಗ ಚೀಲದಲ್ಲಿ ಚಕಮಕಿ ಕಲ್ಲು ಮಡಗ್ತಿದ್ದ. ಸುರಿಯೋ ಮಳೇಲೂ ಬೆಂಕಿ ಮಾಡ್ತಿದ್ದ. ಕಲ್ಲು ಸವೀತದೆ, ಆದ್ರೆ ಹೇಳಿ ಸವೀತದೆ. ಕಿಡಿ ಕಮ್ಮಿ ಆಯ್ತಾ, ಹೊಸಾದು ಹಾಕು. ಕರೆಂಟು ಹೇಳ್ದೆ ಕೇಳ್ದೆ ಸಾಯ್ತದೆ."

"ನಮ್ ಒಲೆ ಹಚ್ಚೋ ಲೈಟ್ರು ಕರೆಂಟಿಂದೇ. ಆರು ವರ್ಸ ಆಯ್ತು. ಕಲ್ಲು ಕೇಳಿಲ್ಲ, ಪೆಟ್ರೋಲ್ ಕೇಳಿಲ್ಲ, ಧಿಕ್ಕಾರ ಕೂಗಿಲ್ಲ."

"ಅದು ಅಡಿಗೆಮನೆ ಒಳ್ಗಿರೋದು, ಗಾಳಿ ಕಂಡಿಲ್ಲ. ನಾನು ಮಾಗಡಿ ಬಯಲಲ್ಲಿ ನೂರಾ ಒಂದು ಪಂಜು ಹಚ್ಚಿದ್ದು ಇದೇ ಕಲ್ಲಲ್ಲಿ. ಅಂಥಾ ಗಾಳೀಲಿ!"

"ನೂರಾ ಒಂದು ಪಂಜು ಹಚ್ಚಿ ಏನ್ ಕಿಸ್ದೆ? ಮನೇಗ್ ಬರೋವಾಗ ಟಾರ್ಚ್ ಇಲ್ದೆ ಮೋರಿಗೆ ಬಿದ್ದಿದ್ದೆ."

ಮೋರಿಗೆ ಚಪ್ಪಡಿ ಹಾಕದ ಪಂಚಾಯ್ತಿಗೆ ಧಿಕ್ಕಾರ ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಬೇಲಿಯಾಚೆಯಿಂದ ನಗು ಕೇಳಿಸಿತು. ಮುನಿಯಪ್ಪ. ನನ್ನ ಜೊತೆ ಆರು ಸಲ ಜೈಲಿಗೆ ಬಂದವನು, ಪಕ್ಕದ ಮನೆಯವನು, ಬಾಯಲ್ಲಿ ಬೀಡಿ ಇಲ್ಲದಿದ್ದರೆ ನಾನೇ ಅವನ ಗುರುತು ಹಿಡಿಯಲಾರೆ. ಊರಲ್ಲೇ ಅವನ ಹೆಂಡತಿಯೊಬ್ಬಳು ಹುಳು ಸಾಕುವುದಿಲ್ಲ, ಹಾಗಾಗಿ ಅವನ ಬೀಡಿ ಶುದ್ಧ ಹವ್ಯಾಸ.

"ಇಬ್ರೇ ಕಿತ್ತಾಡಿದ್ರೆ ಏನ್ ಬಂತು ಅಕ್ಕಾ?" ಎಂದ ಮುನಿಯಪ್ಪ. "ನಾಳೆ ಸಾಯಂಕಾಲ ಡೈರಿ ಮುಂದೆ ಹಾಲು ಹಾಕಕ್ಕೆ ಊರೇ ಬತ್ತದೆ. ಎರಡ್ ಲೈಟ್ರೂ ತನ್ನಿ. ಇಪ್ಪತ್ತೈದಿಪ್ಪತ್ತೈದು ಸಲ ಹೊಡೀರಿ. ಯಾವ್ದು ಜಾಸ್ತಿ ಹೊತ್ತುತ್ತೋ ಅದು ಮನೇಲಿರ್ಲಿ."

"ಆಯ್ತು," ಎಂದಳು ದಾಸಮ್ಮ. "ನಾನೇ ಹೊಡೀತೀನಿ. ಸೋತ್ರೆ ಇವ್ನು ಪೆಟ್ರೋಲ್‌ನಲ್ಲಿ ಸ್ನಾನಾನೇ ಮಾಡ್ಲಿ, ಕೇಳದಿಲ್ಲ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಚನ್ನಪಟ್ಟಣಕ್ಕೆ ಓಡಿದೆ. ಬಸ್ ಸ್ಟ್ಯಾಂಡಿನ ಹಿಂದೆ ಮತೀನ್ ಎಂಬವನ ಅಂಗಡಿ ಇದೆ, ಅಂಗಡಿ ಅಂದರೆ ಒಂದು ಮೇಜು, ಒಂದು ಕೊಡೆ. ವಾಚು, ಗ್ಯಾಸ್ ಸ್ಟವ್, ಲೈಟರು ಎಲ್ಲಕ್ಕೂ ಅವನೇ ಡಾಕ್ಟರು. ನನ್ನ ಲೈಟರನ್ನು ಬಿಚ್ಚಿ, ಹಳೆಯ ಕಲ್ಲು ಉದುರಿಸಿ, ಸಾಸಿವೆಗಿಂತ ಒಸಿ ದಪ್ಪದ ಹೊಸ ಕಲ್ಲು ಕೂರಿಸಿ, ಬತ್ತಿ ಎಳೆದು ಕತ್ತರಿಸಿ ಕೊಟ್ಟ.

"ಯಾವುದು ಒಳ್ಳೇದು ಹೇಳಪ್ಪ ಮತೀನ್? ಕಲ್ಲೋ, ಕರೆಂಟೋ?"

"ಬಸವಣ್ಣ, ಕರೆಂಟ್‌ದು ಮೂರು ತಿಂಗಳು ಮದುವೆ ಗಂಡು ಇದ್ದಂಗೆ, ಕರೆದ ತಕ್ಷಣ ಬರ್ತದೆ. ಆಮೇಲೆ ಮೂಗಲ್ಲಿ ಒಂಚೂರು ಧೂಳು ಹೋದ್ರೆ ಖತಂ, ಬಿಚ್ಚಕ್ಕೂ ಆಗಲ್ಲ. ಕಲ್ಲು ಮುದುಕನ ಥರ. ಗೊಣಗ್ತದೆ, ಆದ್ರೆ ಎದ್ದು ಬರ್ತದೆ. ಇದು ನಿಮಗೆ ಕೈಕೊಡಲ್ಲ, ಗ್ಯಾರಂಟಿ."

ಆ ಗ್ಯಾರಂಟಿ ಕೇಳಿ ನಾನು ಕುಣಿಯುತ್ತ ಬಂದೆ. ದೇವರು ಮನುಷ್ಯನ ತಲೆಯನ್ನು ಯಾವ ಹೊತ್ತಿನಲ್ಲಿ ಕೆಡಿಸುತ್ತಾನೆ ನೋಡಿ!

ಸಾಯಂಕಾಲ ಆರಕ್ಕೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದ ಊರೆಲ್ಲ ಸೇರಿತ್ತು. ಡೈರಿಯ ಸೆಕ್ರೆಟರಿ ದೇವರಾಜು ಅಂಪೈರು. ಹಾಲಿನಲ್ಲಿ ನೀರೆಷ್ಟು ಎಂದು ದಿನಾ ತೀರ್ಪು ಕೊಟ್ಟು ಕೊಟ್ಟು ಅವನ ಮುಖಕ್ಕೆ ಹೈಕೋರ್ಟಿನ ಕಳೆ ಬಂದಿದೆ. ಹಾಲಿನ ಫ್ಯಾಟು ಬರೆಯುವ ಕರಿಹಲಗೆಯನ್ನು ಒರೆಸಿ ಒಂದು ಕಡೆ "ಕಲ್ಲು", ಇನ್ನೊಂದು ಕಡೆ "ಕರೆಂಟು" ಎಂದು ಬರೆದ. ಕೆರೆಯ ಕಡೆಯಿಂದ ಆಷಾಢದ ಗಾಳಿ ಬೀಸುತ್ತಿತ್ತು. ಹೆಂಗಸರ ಸೆರಗು ಗಂಡಸರ ಮುಖಕ್ಕೆ, ಗಂಡಸರ ಪಂಚೆ ಅವರವರ ತಲೆಗೆ.

ನಾನು ಮೊದಲು. ಟಣ್, ಚರ್ರ್! ಹೊತ್ತಿತು. ದಾಸಮ್ಮ ಗುಂಡಿ ಒತ್ತಿದಳು. ಟಕ್. ಹೊತ್ತಿತು. ಮತ್ತೆ ನಾನು, ಹೊತ್ತಿತು. ಅವಳು ಟಕ್, ಟಕ್ಕಷ್ಟೇ. ಗಾಳಿ ಗ್ಯಾಸನ್ನು ಎತ್ತಿಕೊಂಡು ಹೋಗಿತ್ತು, ಕಿಡಿ ಬಂದು ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿತ್ತು. ಹತ್ತಾಗುವಷ್ಟರಲ್ಲಿ ಕಲ್ಲು ಹತ್ತು, ಕರೆಂಟು ಐದು.

"ಅಂಪೈರೇ!" ಎಂದು ಕೂಗಿದಳು ದಾಸಮ್ಮ. "ಇವ್ನು ಹಸ್ರು ಟವಲ್ ಅಡ್ಡ ಹಿಡೀತವ್ನೆ. ಮೋಸ!"

"ಟವಲ್ ಹೋರಾಟದ ಸಂಕೇತ" ಎಂದೆ.

"ಸಂಕೇತ ತೆಗ್ದು ಕ್ಯಾನ್ ಮ್ಯಾಲೆ ಮಡಗಿ ಬಸವಣ್ಣ" ಎಂದು ತೀರ್ಪಾಯಿತು.

ಟವೆಲ್ ತೆಗೆದೆ. ಆಗಲೂ ಹೊತ್ತಿತು. ಅಷ್ಟರಲ್ಲಿ ದಾಸಮ್ಮ ಉಪಾಯ ಕಲಿತಳು. ಗಾಳಿಗೆ ಬೆನ್ನು ಕೊಟ್ಟು, ಲೈಟರನ್ನು ಎಳೆಗೂಸಿನ ಹಾಗೆ ಮಡಿಲಿಗೆ ಅವುಚಿಕೊಂಡು ಸಾಲಾಗಿ ನಾಲ್ಕು ಸಲ ಹೊತ್ತಿಸಿದಳು. ಹೆಂಗಸರು ಕ್ಯಾನು ಬಡಿದರು. ದೇವರಾಜುವಿನ ಹೆಂಡತಿ ಬೋರಮ್ಮ "ಕರೆಂಟಿಗೆ ಜಯವಾಗ್ಲಿ!" ಎಂದು ಕೂಗಿದಳು. ಗಂಡಸರು "ಕಲ್ಲಿಗೆ ಜಯವಾಗ್ಲಿ!" ಎಂದರು. ಯಾವನೋ ಅಭ್ಯಾಸಬಲದಿಂದ "ಬೆಂಬಲ ಬೆಲೆ ಕೊಡ್ಲೇಬೇಕು!" ಎಂದ, ಅದಕ್ಕೂ ಎಲ್ಲರೂ ಕೂಗಿದರು. ಹಾಲು ತಣ್ಣಗಾಗುತ್ತಿತ್ತು, ಲಾರಿಯವನು ಹಾರನ್ ಹೊಡೆಯುತ್ತಿದ್ದ, ಯಾರಿಗೂ ಬೇಡ.

ಇಪ್ಪತ್ತರ ಹೊತ್ತಿಗೆ ನನಗೆ ಅಮಲೇರಿತ್ತು. ಎಡಗೈಯಲ್ಲಿ ಹೊಡೆದೆ, ಹೊತ್ತಿತು. ಕಣ್ಣು ಮುಚ್ಚಿ ಹೊಡೆದೆ, ಹೊತ್ತಿತು. ಇಪ್ಪತ್ತೈದನೆಯದನ್ನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೊಡೆದೆ. ಪಂಚೆಯ ಅಂಚು ಒಸಿ ಸುಟ್ಟಿತು, ಆದರೂ ಲೆಕ್ಕಕ್ಕೆ ಬಂತು. ದೇವರಾಜು ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ. ಕಲ್ಲು, ಇಪ್ಪತ್ತೈದಕ್ಕೆ ಇಪ್ಪತ್ತೈದು. ಕರೆಂಟು, ಇಪ್ಪತ್ತೈದಕ್ಕೆ ಹದಿನಾಲ್ಕು.

ಚಳವಳಿಯಲ್ಲಿ ನಾನು ಎಷ್ಟೋ ಬೇಡಿಕೆ ಇಟ್ಟಿದ್ದೇನೆ, ಒಂದೂ ಪೂರ್ತಿ ಈಡೇರಿಲ್ಲ. ಇದೇ ಮೊದಲ ಸಲ ನೂರಕ್ಕೆ ನೂರು. ನನ್ನನ್ನು ಎತ್ತಿಕೊಂಡು ಕುಣಿದರು. ದಾಸಮ್ಮ ಕೂಡ ಮುಖ ಊದಿಸಿಕೊಂಡೇ "ಮಡಿಕ್ಕೊ ಹೋಗು ನಿನ್ ಡಬ್ಬಾನ" ಎಂದಳು. ಸದ್ದು ಉಳಿಯಿತು, ಸಾಕ್ಷಿ ಉಳಿಯಿತು, ಸೊಂಟ ಉಳಿಯಿತು! ಅಲ್ಲಿಗೆ ಕ್ಯಾನು ಎತ್ತಿಕೊಂಡು ಮನೆಗೆ ಹೋಗಿದ್ದರೆ ಈ ಕಥೆ ಬರೆಯುವ ಕಷ್ಟ ನನಗೂ ಇರಲಿಲ್ಲ, ಓದುವ ಕಷ್ಟ ನಿಮಗೂ ಇರಲಿಲ್ಲ.

"ತಡೀಲಾ ಬಸ್ವಾ," ಎಂದು ಮುನಿಯಪ್ಪ ಕಿವಿಯ ಮೇಲಿದ್ದ ಬೀಡಿ ತೆಗೆದು ನನ್ನ ಬಾಯಿಗಿಟ್ಟ. "ಗೆದ್ದ ಬೆಂಕೀಲಿ ಒಂದು ಹಚ್ಚು. ಊರೋರೆಲ್ಲ ನೋಡ್ಲಿ."

"ಇಲ್ ಬ್ಯಾಡ ಕಣ್ಲಾ. ಹಾಲಿಗೆ ವಾಸ್ನೆ ಹಿಡೀತದೆ."

"ಕಾದು ಕಾದು ಲಾರಿಯೋನೇ ಹಾಲು ತುಂಬ್ಕೊಂಡ್ ಹೋದ."

"ಈಗ್ತಾನೆ ಮನೇಲಿ ಸೇದ್ಕೊಂಡ್ ಬಂದೆ ಕಣ್ಲಾ."

"ದಿನಾ ಕರೆದಾಗ್ಲೂ ಇದೇ ಅಂತೀಯ. ಜೈಲಲ್ಲಿ ಒಂದು ಬೀಡೀನ ಇಬ್ರು ಸೇದಿದೋರಲ್ವೇನ್ಲಾ ನಾವು? ಈಗ ನನ್ ಬೀಡಿ ಬ್ಯಾಡಾಯ್ತಾ?" ಅವನ ದನಿಯಲ್ಲಿ ನೋವಿತ್ತು. ಸುತ್ತ ಜನ "ಹಚ್ಚು, ಹಚ್ಚು" ಎನ್ನುತ್ತಿದ್ದರು. ದಾಸಮ್ಮ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದಳು.

ನಾನು ಮನಸ್ಸಿನಲ್ಲೇ ಬೀರೇದೇವರಿಗೆ ಕೈ ಮುಗಿದೆ. ತಂದೇ, ಇಪ್ಪತ್ತೈದು ಸಲ ಹೊತ್ತಿಸಿದ್ದೀಯ, ಇಪ್ಪತ್ತಾರನೆಯದು ಒಂದೇ ಒಂದು ಕೆಡಿಸು. ಕಲ್ಲು ಜಾರಲಿ, ಬತ್ತಿ ಒಣಗಲಿ, ಗಾಳಿ ಬೀಸಲಿ. ಗಾಲಿ ತಿರುವಿದೆ. ಚರ್ರ್. ದೀಪಾವಳಿಯ ದೀಪದ ಹಾಗೆ ಹೊತ್ತಿಕೊಂಡಿತು. ಕೆರೆಯ ಗಾಳಿ ಕೂಡ ಆ ಹೊತ್ತಿಗೆ ನೋಡಲು ನಿಂತುಬಿಟ್ಟಿತು.

ಬಾಯಲ್ಲಿಟ್ಟ ಬೀಡಿ ಎಳೆಯದೆ ಹೊತ್ತುವುದಿಲ್ಲ. ಎಳೆದೆ.

ಎರಡು ವರ್ಷ ತೊಳೆದು ಒಣಹಾಕಿದ್ದ ಎದೆಗೆ ಆ ಹೊಗೆ ಲಾಠಿ ಚಾರ್ಜಿನ ಹಾಗೆ ನುಗ್ಗಿತು. ಕೆಮ್ಮಿದೆ. ಕೆಮ್ಮು ಅಂದರೆ ನಿಮ್ಮ ಮನೆಯ ಕೆಮ್ಮಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿಯಲ್ಲಿ ಸಿಳ್ಳು. ಡೈರಿಯ ಛಾವಣಿಯ ಪಾರಿವಾಳಗಳು ಎದ್ದು ಅಕ್ಕೂರಿನ ಕಡೆ ಹೋದವು. ನಾನು ಹಾಲಿನ ಕ್ಯಾನು ತಬ್ಬಿಕೊಂಡು ಕುಕ್ಕರಿಸಿದೆ. ದಾಸಮ್ಮ ಓಡಿಬಂದು ಬೆನ್ನಿಗೆ ಗುದ್ದತೊಡಗಿದಳು. ಒಂದು ಗುದ್ದಿದಳು, ಎರಡು ಗುದ್ದಿದಳು. ಮೂರನೆಯದಕ್ಕೆ ಎತ್ತಿದ ಕೈ ಮೇಲೆಯೇ ನಿಂತಿತು.

"ಮುನಿಯಣ್ಣ," ಎಂದಳು ನಿಧಾನವಾಗಿ, "ದಿನಾ ಸೇದೋ ಗಂಡಸು ಇಂಗೆ ಕೆಮ್ತಾನಾ?"

"ಇಲ್ಲಕ್ಕಾ. ನಾನು ಮೊದ್ಲ ಸಲ ಕದ್ದು ಸೇದ್ದಾಗ ಇಂಗ್ ಕೆಮ್ಮಿದ್ದೆ."

ದಾಸಮ್ಮ ಬಗ್ಗಿ ನನ್ನ ಮುಖ ನೋಡಿದಳು. "ಎಷ್ಟ್ ದಿನ ಆಯ್ತು ಬುಟ್ಟು?"

ಕೆಮ್ಮುತ್ತಲೇ ಎರಡು ಬೆರಳು ತೋರಿಸಿದೆ.

"ಎರಡು ದಿನಾನಾ?" ಎಂದಿತು ಊರು. ತಲೆ ಅಲ್ಲಾಡಿಸಿದೆ. "ಎರಡು ತಿಂಗ್ಳಾ?" ಅದಕ್ಕೂ ಅಲ್ಲಾಡಿಸಿದೆ.

"ಎರಡು ವರ್ಸ!" ಎಂದು ಚೀರಿದಳು ದಾಸಮ್ಮ. "ಡಾಕ್ಟ್ರು ಹೇಳಿದ್ ದಿನದಿಂದ್ಲೇ! ಮತ್ತೆ ಕೊಟ್ಟಿಗೆ ಹಿಂದೆ ಮೂರೊತ್ತೂ ಟಣ್ ಚರ್ ಅಂತಿದ್ದುದ್ಯಾಕೋ?"

"ಸು... ಸುಮ್ನೆ ಸುಡ್ತಿದ್ದೆ."

"ಬೀಡೀನ ಸುಮ್ನೆ ಸುಡ್ತಿದ್ದೆಯೇನ್ಲಾ ಪಾಪಿ?" ಎಂದು ಎದೆ ಬಡಿದುಕೊಂಡವನು ಮುನಿಯಪ್ಪ. ಅವನಿಗೆ ಅದೊಂದೇ ತಲೆಗೆ ಹೋಗಿದ್ದು.

"ಹುಳಕ್ಕೆ ಸೊಪ್ಪು ಹಾಕೋದ್ ತಪ್ಪಿಸ್ಕೊಳ್ಳಕ್ಕೆ!" ದಾಸಮ್ಮ ಊರಿಗೆಲ್ಲ ಬಿಡಿಸಿ ಹೇಳಿದಳು. "ಬೀಡಿ ಸೇದೋರು ಹುಳುಮನೆಗೆ ಬರಂಗಿಲ್ವಲ್ಲ, ಅದ್ಕೆ ಸೇದೋನಂಗೆ ನಾಟ್ಕ! ಎರಡು ವರ್ಸ ನಾನೊಬ್ಳೇ ಹೊತ್ತೆ ಕಣ್ರಮ್ಮಾ ಸೊಪ್ಪಿನ ಹೊರೆ!"

ಜನ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡಸರು ನೆಲ ನೋಡಿದರು. ಬೋರಮ್ಮ ಮೆಲ್ಲಗೆ ಅಂಪೈರಿನ ಕಡೆ ತಿರುಗಿದಳು.

"ಏನ್ರೀ, ನೀವೂ ಒಂದ್ ಎಳೀರಿ ನೋಡಾಣ."

"ನಾನಾ?" ಎಂದ ದೇವರಾಜು. ಹೈಕೋರ್ಟಿನ ಕಳೆ ಹಾರಿಹೋಗಿತ್ತು. "ನಾನು ಅಂಪೈರು ಕಣೇ. ಅಂಪೈರು ಆಡಂಗಿಲ್ಲ."

ಬೋರಮ್ಮ ನನ್ನ ಕೈಯಿಂದ ಲೈಟರು ಕಿತ್ತುಕೊಂಡಳು. ಟಣ್, ಚರ್ರ್. ದೇವರಾಜು ಎಳೆದ. ಡೈರಿಯ ಸೆಕ್ರೆಟರಿ ಕೆಮ್ಮಿದ ರೀತಿ ನೋಡಿ ನನಗೆ ಅಷ್ಟು ಸಂಕಟದಲ್ಲೂ ಸಮಾಧಾನವಾಯಿತು. ನಾನೊಬ್ಬನೇ ಕಂಡುಹಿಡಿದೆ ಎಂದುಕೊಂಡಿದ್ದ ತಂತ್ರ! "ಹತ್ತು ತಿಂಗ್ಳು" ಎಂದು ಒಪ್ಪಿಕೊಂಡ. ಆಮೇಲೆ ಬೋರಮ್ಮನ ಪಕ್ಕ ನಿಂತಿದ್ದ ಶಿವಲಿಂಗಮ್ಮನ ಗಂಡ ಕನಕರಾಜು. ಅವನು ಜಾಣ, ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡ. "ನುಂಗು" ಎಂದಳು ಶಿವಲಿಂಗಮ್ಮ. ನುಂಗಿದ. ಅವನನ್ನು ಇಬ್ಬರು ಹಿಡಿದು ಕೂರಿಸಬೇಕಾಯಿತು. ಕನಕರಾಜು ಹುಟ್ಟಿದಾರಭ್ಯ ಬೀಡಿಯನ್ನೇ ಸೇದಿದವನಲ್ಲವಂತೆ, ಮದುವೆಯಾದ ವಾರದಲ್ಲಿ ಅತ್ತೆಮನೆಯ ಹುಳುಮನೆ ನೋಡಿ, ಕಿವಿಗೊಂದು ಬೀಡಿ ಸಿಕ್ಕಿಸಿಕೊಂಡವನು ಇಪ್ಪತ್ತು ವರ್ಷದಿಂದ ಅದನ್ನೇ ಇಟ್ಟುಕೊಂಡಿದ್ದನಂತೆ!

ಅವತ್ತು ಏಳು ಜನ ಸಿಕ್ಕಿಬಿದ್ದರು. ಲೈಟರು ಏಳು ಸಲವೂ ಒಂದೇ ಏಟಿಗೆ ಹೊತ್ತಿತು.

ಮಾರನೆಯ ಬೆಳಿಗ್ಗೆಯಿಂದ ನನ್ನ ಸಾರ್ವಜನಿಕ ಜೀವನ ಮುಗಿಯಿತು. ಐದು ಗಂಟೆಗೆ ಹಿಪ್ಪುನೇರಳೆ ತೋಟಕ್ಕೆ ಹೋದರೆ ಎಡಕ್ಕೆ ದೇವರಾಜು, ಬಲಕ್ಕೆ ಕನಕರಾಜು, ಎಲ್ಲರ ಕೈಯಲ್ಲೂ ಕುಡುಗೋಲು, ಎಲ್ಲರ ಕಣ್ಣೂ ನನ್ನ ಕುತ್ತಿಗೆಯ ಮೇಲೆ. ನನ್ನ ಕಡೆ ಉಗುಳಿದರು, ಸೊಪ್ಪಿಗೆ ತಾಕದಂತೆ ಎಚ್ಚರಿಕೆಯಿಂದ. ಇತ್ತ ದಾಸಮ್ಮ, ಬೋರಮ್ಮ, ಶಿವಲಿಂಗಮ್ಮ ಮೂವರೂ ಸೇರಿ ಪಕ್ಕದ ಬೀದಿಯ ಹೆಂಗಸರನ್ನೂ ಸಂಘಟಿಸಿ (ನನ್ನ ಮೂವತ್ತೈದು ವರ್ಷದ ಸಂಘಟನೆಗಿಂತ ಜಾಸ್ತಿ ಜನ) ಮನೆಮನೆಗೂ ಹೋಗಿ ಗಂಡಸರಿಗೆ ಬೀಡಿ ಪರೀಕ್ಷೆ ಮಾಡಿದರು. ನಾನು ಹುಳುಮನೆಯಲ್ಲಿ ಸೊಪ್ಪು ಹರಡುತ್ತ ಕೇಳುತ್ತಿದ್ದೆ. ದೂರದಲ್ಲಿ ಟಣ್, ಚರ್ರ್, ಟಪ್. ಒಂದು ಉಸಿರಿನ ಮೌನ. ಆಮೇಲೆ ಕೆಮ್ಮು.

ಭಾನುವಾರ ಹುಳು ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು. ಎರಡನೇ ಮೇವು ಹಾಕುತ್ತಿದ್ದಾಗ ಬೀದಿಯಲ್ಲಿ ಘೋಷಣೆ ಕೇಳಿಸಿತು. ಕಿವಿ ನೆಟ್ಟಗಾಯಿತು. ಎಷ್ಟು ದಿನವಾಗಿತ್ತು ಆ ದನಿ ಕೇಳಿ! ಕಿಟಕಿಯ ಪರದೆಯಾಚೆ ನೋಡಿದೆ. ದೇವರಾಜು, ಕನಕರಾಜು, ಊರಿನ ಕೆಮ್ಮಿದ ಗಂಡಸರೆಲ್ಲ ಮೆರವಣಿಗೆ ಬರುತ್ತಿದ್ದಾರೆ. ಮುಂದೆ ಇಬ್ಬರ ಹೆಗಲ ಮೇಲೆ ಒಂದು ಪ್ರತಿಕೃತಿ. ಹುಲ್ಲಿನ ಹೊಟ್ಟೆ, ಮಡಕೆ ತಲೆ, ಹೆಗಲಿಗೆ ಹಸಿರು ಟವೆಲ್. ಕೊರಳಲ್ಲಿ ರಟ್ಟು, "ಗಂಡಸರ ದ್ರೋಹಿ ಬಸವಯ್ಯ".

ನಿಜ ಹೇಳುತ್ತೇನೆ, ಒಂದು ಕ್ಷಣ ಎದೆಯುಬ್ಬಿತು. ನಾನು ಎಷ್ಟು ಜನರ ಪ್ರತಿಕೃತಿ ಸುಟ್ಟಿದ್ದೇನೆ, ಅವರೆಲ್ಲ ಕನಿಷ್ಠ ಮಂತ್ರಿಗಳು. ಆ ಸಾಲಿಗೆ ನಾನೂ ಸೇರಿದೆ.

ನಮ್ಮ ಮನೆಯ ಮುಂದೆಯೇ ನಿಲ್ಲಿಸಿದರು. ಸೀಮೆಎಣ್ಣೆ ಸುರಿದರು. ದೇವರಾಜು ಜೇಬಿನಿಂದ ಲೈಟರು ತೆಗೆದ. ಗುಂಡಿ ಲೈಟರು. ಟಕ್. ಟಕ್. ಟಕ್ ಟಕ್ ಟಕ್. ಗಾಳಿಗೆ ನಿಲ್ಲಲಿಲ್ಲ. "ಧಿಕ್ಕಾರ!" ಎಂದರು, ಟಕ್. ಮತ್ತೊಬ್ಬ ಕೊಟ್ಟ ಲೈಟರು, ಅದೂ ಟಕ್. ಘೋಷಣೆ ಸಡಿಲವಾಯಿತು. ಹಿಂದಿನ ಸಾಲಿನವರು ಕ್ರಿಕೆಟ್ಟಿನ ಮಾತಿಗೆ ಇಳಿದರು. ಪ್ರತಿಕೃತಿಯ ತಲೆ ಒಂದು ಕಡೆ ವಾಲಿತು. ಒಂದು ಹೋರಾಟ ಕಣ್ಣೆದುರೇ ನಗೆಪಾಟಲಾಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಸೊಪ್ಪು ಬಿಟ್ಟು ಹೊರಗೋಡಿದೆ. ಜಗಲಿಯ ಮೇಲೆ ಕೂತಿದ್ದ ದಾಸಮ್ಮನ ಮಡಿಲಿನಿಂದ ನನ್ನ ಲೈಟರು ಕಿತ್ತುಕೊಂಡು ಗುಂಪಿನ ನಡುವೆ ನುಗ್ಗಿದೆ.

"ಥೂ ನಿಮ್ಮ! ಇಂಗೇನ್ರೋ ಪ್ರತಿಕೃತಿ ಸುಡೋದು? ಮೊದ್ಲು ಗಾಳಿ ಯಾವ ಕಡೆ ಐತೆ ನೋಡ್ರೋ. ತಲೆಗಲ್ಲ, ಕಾಲಿಗೆ ಹಚ್ಬೇಕು. ಸರ್ಕೊಳ್ಳಿ!"

ಟಣ್. ಚರ್ರ್. ಒಂದೇ ಏಟು. ನಾನು ಕಾಲಿನಿಂದ ತಲೆಯವರೆಗೆ ಧಗಧಗ ಉರಿದೆ. ಎಂಥ ಉರಿ! ನನ್ನ ಜೀವನದಲ್ಲಿ ಹಚ್ಚಿದ ಪ್ರತಿಕೃತಿಗಳಲ್ಲೇ ಅತ್ಯುತ್ತಮ. ದೇವರಾಜು ತಾನು ಯಾರ ಮೇಲೆ ಸಿಟ್ಟಾಗಿದ್ದೆ ಎಂಬುದನ್ನೇ ಮರೆತು ಚಪ್ಪಾಳೆ ಹೊಡೆದ. ನಾನೂ ಮುಷ್ಟಿ ಎತ್ತಿ "ಬಸವಯ್ಯನಿಗೆ!" ಎಂದು ಕೂಗಿದೆ, ಎಲ್ಲರೂ "ಧಿಕ್ಕಾರ!" ಎಂದರು.

ಜಗಲಿಯಿಂದ ದಾಸಮ್ಮನ ದನಿ ಬಂತು.

"ಆಯ್ತಾ ಉರ್ದಿದ್ದು? ಸೋಪ್ ಹಾಕಿ ಕೈ ತೊಳ್ಕೊಂಡ್ ಬಾ. ಮೂರನೇ ಸಾಲಿಗಿನ್ನೂ ಸೊಪ್ಪು ಬಿದ್ದಿಲ್ಲ."